ಕೈ ಕಂಡ ಒಂದು ಫೋಟೋ

ಗೊಂಬೆ ತಾನಾಗಿ ನಡೆಯುವುದಿಲ್ಲ. ಇದು ಯಾರಿಗೆ ಗೊತ್ತಿಲ್ಲ ಹೇಳಿ? ಆ ಡೈರೆಕ್ಟರಿಗೆ ಮಾತ್ರ ಮರೆತುಹೋಗಿತ್ತು, ಅದೂ ಸ್ವಂತ ಅಕ್ಕನ ಎದುರು ಕೂತುಕೊಂಡೇ.

ಅವನ ಮೊದಲ ಸಿನಿಮಾ ಆರು ನಿಮಿಷದ್ದು. ಅದರಲ್ಲಿರುವುದು ಕೊಡೆ ರಿಪೇರಿ ಮಾಡುವ ಒಬ್ಬ ತಾತ, ತಂತಿಗೆ ಬಟ್ಟೆ ಸುತ್ತಿ ಮಾಡಿದ ಗೇಣುದ್ದದ ಗೊಂಬೆ. ಮಾಡಿದವಳು ಬಟ್ಟೆ ಹೊಲಿಯುವ ಅಕ್ಕ. ತಾತನ ಕೈಯನ್ನು ಕೂದಲೆಳೆಯಷ್ಟು ಸರಿಸಬೇಕು, ಒಂದು ಫೋಟೋ ತೆಗೆಯಬೇಕು. ಮತ್ತೆ ಸರಿಸಬೇಕು, ಮತ್ತೆ ಫೋಟೋ. ಹನ್ನೆರಡು ಫೋಟೋ ಸೇರಿದರೆ ತೆರೆಯ ಮೇಲೆ ಒಂದು ಸೆಕೆಂಡು. ಇನ್ನು ಹೆಜ್ಜೆ ಇಡಿಸಬೇಕಾದರೆ ಮೇಜಿನ ಕೆಳಗೆ ತೂರಿ, ಹಲಗೆಯ ತೂತಿನಿಂದ ಗೊಂಬೆಯ ಪಾದಕ್ಕೆ ಪಿನ್ನು ಚುಚ್ಚಬೇಕು, ಇಲ್ಲದಿದ್ದರೆ ತಾತ ಒಂಟಿಕಾಲಲ್ಲಿ ನಿಲ್ಲುವುದಿಲ್ಲ. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ಒಂಬತ್ತು ತಿಂಗಳು ಅಕ್ಕ ಹೀಗೆ ತೂರಿದ್ದಾಳೆ, ಎದ್ದಿದ್ದಾಳೆ. ಕುರ್ಚಿಯಲ್ಲಿ ಕೂತು ತಮ್ಮ "ಇನ್ನೊಂಚೂರು" ಅನ್ನುತ್ತಿದ್ದ, ಬಟನ್ ಒತ್ತುತ್ತಿದ್ದ.

ಸಿನಿಮಾ ಮುಗಿಯಿತು. ನಾಡಿದ್ದು ಥಿಯೇಟರಿನಲ್ಲಿ ತೋರಿಸುತ್ತಾರೆ. ಅದಕ್ಕೆ ಮೊದಲು ಅಕ್ಕನಿಗೆ ತಮ್ಮ ಅದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದ. ತಾತ ಕೊಡೆ ಬಿಚ್ಚಿಕೊಂಡು ಬಾಗಿಲಿನತ್ತ ನಡೆದಾಗ ಅವಳಿಗೆ ಕಣ್ಣು ತುಂಬಿತು. ಆಮೇಲೆ ಹೆಸರುಗಳು ಬಂದವು. ಕಥೆ, ಕ್ಯಾಮೆರಾ, ನಿರ್ದೇಶನ, ಎಲ್ಲ ತಮ್ಮನದೇ. ದೀಪ ಕೊಟ್ಟ ಗೆಳೆಯನಿಗೆ ಧನ್ಯವಾದ. ಮೇಜು ಅಲುಗದಂತೆ ಮೆಲ್ಲಗೆ ಓಡಾಡಿದ ಮೇಲಿನ ಮನೆಯವರಿಗೂ ಧನ್ಯವಾದ. ಅಷ್ಟಕ್ಕೆ ಮುಗಿಯಿತು.

"ನನ್ನ ಹೆಸರೆಲ್ಲೋ?"

"ನೀನು ಮನೆಯವಳಲ್ವಾ ಅಕ್ಕ. ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?"

"ಥ್ಯಾಂಕ್ಸ್ ಯಾರು ಕೇಳಿದ್ರು? ಗೊಂಬೆ ನಡೆಸಿದ್ದು ಯಾರು ಅಂತ ಹಾಕು."

"ಹಾಕಿದ್ರೆ ಮಜಾನೇ ಹೋಗತ್ತೆ. ನೋಡೋರಿಗೆ ಅದು ತಾನಾಗೇ ನಡೀತಿದೆ ಅನ್ನಿಸ್ಬೇಕು."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ ಅನ್ನುತ್ತಾರಲ್ಲ, ಹಾವಾದರೂ ವಾಸಿ, ನಾನೇ ಕಟ್ಟಿದೆ ಅಂತ ಹೇಳಿಕೊಂಡು ತಿರುಗುವುದಿಲ್ಲ. ಮೆಲ್ಲಗೆ ನಡೆದವರ ಹೆಸರಿದೆ, ಮೇಜಿನಡಿ ತೆವಳಿದವಳ ಹೆಸರಿಲ್ಲ. ಇದ್ಯಾವ ಸೀಮೆ ನ್ಯಾಯ?

ಅವನಿಗೆ ಅದರ ಪರಿವೆಯೇ ಇಲ್ಲ. "ಅದಿರ್ಲಿ, ನಿನ್ನಿಂದ ಒಂದು ಎಡವಟ್ಟಾಗಿದೆ ನೋಡು," ಅಂತ ಸಿನಿಮಾದೊಳಗಿನ ಒಂದು ಫೋಟೋ ತೋರಿಸಿದ. ಬಾಗಿಲಿನ ಹತ್ತಿರದ ನಡಿಗೆಯಲ್ಲಿ ತಾತನ ಪಕ್ಕ ಅವಳ ಕೈ. ಅವತ್ತು ಪಿನ್ನು ಸಡಿಲಾಗಿ ತಾತ ವಾಲಿದ್ದ, ಅವಳು ಹಿಡಿದುಕೊಂಡಿದ್ದಳು. ಇವನು ಫೋನು ನೋಡುತ್ತ ಬಟನ್ ಒತ್ತಿದ್ದ. ಆ ಒಂದು ಫೋಟೋ ಕಿತ್ತರೆ ತಾತ ಎಗರಿದಂತೆ ಕಾಣುತ್ತದೆ. ಹಾಗಾಗಿ ಆ ನಡಿಗೆಯನ್ನು ಪೂರ್ತಿ ಮತ್ತೆ ತೆಗೆಯಬೇಕು, ಇವತ್ತೇ.

"ಒತ್ತಿದ್ದು ನೀನು," ಅಂದಳು ಅಕ್ಕ.

"ಕೈ ನಿಂದು."

ಕೈ ಅವಳದೇ. ಆರು ನಿಮಿಷದಲ್ಲಿ ಅವಳೂ ಇದ್ದಳು ಅನ್ನುವುದಕ್ಕೆ ಉಳಿದ ಗುರುತು ಅದೊಂದೇ. ಅದನ್ನು ಅಳಿಸುವುದಕ್ಕೂ ಅವಳೇ ಬೇಕು. ಅವಳು ಎದ್ದಳು. ತಾತನನ್ನು ತಂದು ಮೇಜಿನ ಮೇಲೆ ನಿಲ್ಲಿಸಿದಳು, ಪಿನ್ನಿನ ಡಬ್ಬಿಯನ್ನು ತಮ್ಮನ ಕೈಗಿಟ್ಟಳು, ಹೋಗಿ ಅವನ ಕುರ್ಚಿಯಲ್ಲಿ ಕೂತಳು.

"ತಾನಾಗೇ ನಡೆಯತ್ತಲ್ಲ, ನಡೆಸು. ಬಟನ್ ಒತ್ತೋದು ನಾನು."

ತಮ್ಮ ನಕ್ಕ. ಅವಳು ನಗಲಿಲ್ಲ. ಬೇರೆ ದಾರಿ ಕಾಣದೆ ಮೇಜಿನಡಿ ತೂರಿದ, ತಲೆ ಬಡಿಸಿಕೊಂಡ, ಪಿನ್ನು ಬಗ್ಗಿಸಿದ. ಒಂದು ಗಂಟೆಯಲ್ಲಿ ಮೂರು ಫೋಟೋ ಆಯಿತು. ನಾಲ್ಕನೆಯದಕ್ಕೆ ತಾತನ ಎಡಗಾಲು ಮೇಲಿತ್ತು, ತಮ್ಮನ ಎರಡೂ ಕೈ ಕೆಳಗಿದ್ದವು. ತಾತ ನಿಧಾನಕ್ಕೆ ಮುಂದಕ್ಕೆ ವಾಲತೊಡಗಿದ.

"ಹಿಡ್ಕೋ, ಹಿಡ್ಕೋ," ಅಂತ ಕೆಳಗಿನಿಂದ ಕೂಗಿದ.

"ಯಾರಿಗೆ ಹೇಳ್ತಿದ್ದೀಯ?" ಅಂದಳು ಅಕ್ಕ. "ಹೆಸರು ಹಿಡಿದು ಹೇಳು."

ಅವನು ಬಾಯಿ ತೆರೆಯುವಷ್ಟರಲ್ಲಿ ತಾತ ಬಕ್ಕಬೋರಲಾಗಿ ಬಿದ್ದ. ಅಕ್ಕ ಬಟನ್ ಒತ್ತಿದಳು.