ಕೈ ಎತ್ತಿ ನಿಂತವ

ಕಳಕಪ್ಪ ಮತ್ತವನ ಗೆಳೆಯರು ಜೀವ ಬಿಡುತ್ತಿದ್ದ ಫುಟ್‌ಬಾಲ್ ತಂಡ ಆ ಸೀಸನ್ನಿನಲ್ಲಿ ಆರನೇ ಸಲ ಸೋತಿತ್ತು. ಭಾಗ್ಯನಗರದ ಕಳಕಪ್ಪನ ಪಡಸಾಲೆಯಲ್ಲಿ ಟಿ.ವಿ. ಮುಂದೆ ಕೂತ ಗೆಳೆಯರು ಬೈದು ಬೈದು ಸುಸ್ತಾಗಿದ್ದರು.

“ಗೋಲು ಕಾಯೋ ಹಿಂದಿನ ನಾಲ್ಕು ಮಂದಿ ಬೇಲಿ ಅಲ್ರಿ, ಬರೇ ತೆರೆದ ಬಾಗಲಾ,” ಎಂದ ವಿರುಪಣ್ಣ.

ಕಳಕಪ್ಪನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ. ಗೋಲು ಬಿದ್ದದ್ದನ್ನು ಟಿ.ವಿ.ಯಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದರು. ಎದುರಾಳಿ ಪಕ್ಕದಲ್ಲೇ ಚೆಂಡು ಒಯ್ಯುತ್ತಿದ್ದರೂ ತಡೆಯಬೇಕಾದ ಇವರ ಡಿಫೆಂಡರ್ ‘ಆಫ್‌ಸೈಡ್, ನಿಯಮ ಮುರಿದ’ ಎಂದು ಕೈ ಎತ್ತಿ, ರೆಫರಿಯ ಮುಖ ನೋಡುತ್ತ ನಿಂತುಬಿಟ್ಟಿದ್ದ.

“ನೋಡ್ರಿ ಈ ಹುಚ್ಚಪ್ಯಾಲಿನ್ನ! ನ್ಯಾಯ ಆಮ್ಯಾಲ. ಮೊದಲ ಓಡಿ ಹೋಗಿ ಅಡ್ಡ ನಿಲ್ಲಬೇಕೋ ಬ್ಯಾಡೋ?”

ಚಹಾ ತಂದಿದ್ದ ಹೆಂಡತಿ ಸಣ್ಣವ್ವ ಆಟದ ಬಗ್ಗೆ ಎಂದೂ ಮಾತಾಡಿದವಳಲ್ಲ. ಅವತ್ತು ತಾಟು ಕೆಳಗಿಟ್ಟಳು.

“ನಮ್ಮ ಅಂಜಲಿ ಗಂಡನ ಹೊಡ್ತಾ ತಾಳಲಾರದ ಓಡಿ ಬಂದಿದ್ಳು. ಅಕಿನ್ನ ಎಳಕೊಂಡ ಹೋಗಾಕ ಗಂಡನ ಮನಿಯವರು ಬಂದಾಗ, ‘ಹಿರೇರು ಹೇಳಿದಂಗ ಆಗ್ಲಿ’ ಅಂತ ನೀವೂ ಹಿಂಗ ನಿಂತಿದ್ರಿ.”

ಟಿ.ವಿ.ಯ ಮೇಲೆ ಗೋಡೆಗೆ ತೂಗಿದ್ದ, ಹಾರ ಹಾಕಿದ ಮಗಳ ಫೋಟೋ ನೋಡಲಾರದೆ ಕಳಕಪ್ಪ ಕಣ್ಣು ಕೆಳಗಿಳಿಸಿದ. ಅಲ್ಲಿ ಆ ಡಿಫೆಂಡರ್ ಮತ್ತೆ ಕೈ ಎತ್ತಿ ನಿಂತಿದ್ದ.