ಒರೆಸಿದರೆ ಸಾಕಾಗುವ ಮನೆ

ಒದ್ದೆ ಪಾದದ ಗುರುತು, ಅಗಲವಾದ ಹೆಬ್ಬೆರಳು, ಒಡೆದ ಹಿಮ್ಮಡಿ, ಕೆಂಪು ಕಲ್ಲಿನ ಮೇಲೆ ಒಂದು ಗಳಿಗೆ ಇದ್ದು ಆರಿಹೋಯಿತು — ಗುರುಲಿಂಗವ್ವನದು, ಕೊಳ್ಳಲೆಂದು ನಮ್ಮ ಮನೆ ನೋಡಲು ಕಮತಗಿಯಿಂದ ಗಂಡನ ಜೊತೆ ಬಂದವಳು, ಕಾಲು ತೊಳೆದೇ ಒಳಗೆ ಬಂದಳು, ಅದು ನನಗೆ ಯಾಕೆ ಇಷ್ಟವಾಯಿತೋ, ಇಷ್ಟವಾಗಬಾರದಿತ್ತು, ಇವತ್ತು ಒಲ್ಲೆ ಅನ್ನಬೇಕೆಂದು ಬೆಳಿಗ್ಗೆಯೇ ಗಟ್ಟಿ ಮಾಡಿಕೊಂಡಿದ್ದೇನೆ, ಮಾಡಿಕೊಂಡಿದ್ದೇನೆಯೇ? ನಮ್ಮವರು ತಮ್ಮ ಪಾಠ ಶುರು ಮಾಡಿದ್ದಾರೆ, ಸುಣ್ಣ ಬ್ಯಾಡ ಬಣ್ಣ ಬ್ಯಾಡ, ಇಳಕಲ್ಲಿನ ಕಲ್ಲರಿ, ಒರೆಸಿದ್ರ ಮುಗೀತು, ಹಿತ್ತಲದಾಗೂ ಹಾಕಿಸೇನ್ರಿ, ಒಂದ ಹುಲ್ಲಕಡ್ಡಿ ಸುದ್ದಾ ಏಳಂಗಿಲ್ಲ — ಶ್ರೀಶೈಲ ಮಾಸ್ತರರು ಮಾರಲು ನಿಂತರೆ ಬನಶಂಕರಿ ಜಾತ್ರೆಯ ಬಳೆಗಾರರೂ ಅಂಗಡಿ ಮುಚ್ಚಬೇಕು. ಬಡ್ತಿ ಸಿಕ್ಕಿ ಬಾಗಲಕೋಟೆಗೆ ವರ್ಗವಾಗಿದೆ, ಅಲ್ಲೊಂದು ಮನೆ ನೋಡಿಟ್ಟಿದ್ದಾರೆ, ಇದು ಹೋದರೆ ಅದು. ಆದರೆ ಇದು ನನ್ನ ಹೆಸರಿನಲ್ಲಿದೆ. ನಿನ್ನೆ ರಾತ್ರಿಯೂ ಅಂದರು, ನೀ ಹೂಂ ಅಂದ್ರ ಹೂಂ ಶಿವಗಂಗಾ, ಒಲ್ಲೆ ಅಂದ್ರ ಬಿಡ್ತೇನಿ, ಆಮ್ಯಾಲ ನನ್ನ ಮ್ಯಾಲ ಮಾತ್ರ ಹಾಕಬ್ಯಾಡ. ಎಷ್ಟು ಒಳ್ಳೆಯ ಮನುಷ್ಯ, ಸಿಟ್ಟು ಮಾಡಲೂ ಜಾಗ ಬಿಡುವುದಿಲ್ಲ. ಕಲ್ಲು ಹಾಕಿಸಿದವಳು ನಾನೇ, ಅವ್ವ ಜೀವಮಾನವಿಡೀ ಸೆಗಣಿ ಸಾರಿಸಿ ಸಾರಿಸಿ ಸೊಂಟ ಕಳೆದುಕೊಂಡಳು, ನನ್ನ ಮನೆ ನನ್ನಿಂದ ಏನೂ ಕೇಳಬಾರದು ಅಂದಿದ್ದೆ, ಕೇಳಲಿಲ್ಲ, ಏನನ್ನೂ ಇಟ್ಟುಕೊಳ್ಳಲೂ ಇಲ್ಲ — ಮಗಳು ಪದ್ಮಶ್ರೀ ಹಾಲು ಚೆಲ್ಲಿದಳು ಒರೆಸಿದೆ, ಮಸಿ ಚೆಲ್ಲಿದಳು ಒರೆಸಿದೆ, ಈಗ ಹುಡುಕಿದರೂ ಒಂದು ಕಲೆಯಿಲ್ಲ, ಹಾಗಾದರೆ ಏನನ್ನು ಬಿಡಲಾರೆ ಅನ್ನುತ್ತಿದ್ದೇನೆ ನಾನು, ಕಲ್ಲನ್ನೇ, ಕಲ್ಲು ಬಾಗಲಕೋಟೆಯಲ್ಲೂ ಸಿಗುತ್ತದೆ. ಆದರೂ ಬೇಸಿಗೆ ಮಧ್ಯಾಹ್ನ ಈ ತಣ್ಣನೆಯ ನೆಲಕ್ಕೆ ಬೆನ್ನು ಕೊಟ್ಟು ಮಲಗುವುದು, ಅಷ್ಟಕ್ಕಾಗಿ ಯಾರಾದರೂ ಮನೆ ಇಟ್ಟುಕೊಳ್ಳುತ್ತಾರೆಯೇ, ನಾನು ಇಟ್ಟುಕೊಳ್ಳುತ್ತೇನೆ, ಒಲ್ಲೆ ಅನ್ನುತ್ತೇನೆ, ಚಹಾ ಆಗಲಿ.

ಚಹಾ ಆಯಿತು, ನಾನಿನ್ನೂ ಲೋಟ ಎತ್ತುತ್ತಿದ್ದೆ, ಬರ್ತೇವ್ರಿ ಅಕ್ಕಾರ ಎಂದು ಗುರುಲಿಂಗವ್ವ ಎದ್ದೇಬಿಟ್ಟಳು, ಮೊದಲ ಸಲ ಮನೆಗೆ ಬಂದ ಮುತ್ತೈದೆ, ಹಾಗೇ ಕಳಿಸುವುದುಂಟೇ — ಯೋಚಿಸಿದೆನೋ ಇಲ್ಲವೋ, ತಡೀರಿ, ರವಿಕೆಯ ಖಣ ಎಲ್ಲಿಟ್ಟೆ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಅಡಿಕೆ, ಕೈಗೆ ಎಲ್ಲ ಗೊತ್ತು, ಅವಳು ಸೆರಗು ಒಡ್ಡಿದಳು, ಬೊಗಸೆ ಬೊಗಸೆ ಅಕ್ಕಿ ಹಾಕಿ ಉಡಿ ತುಂಬಿದೆ, ಅವಳ ಕಣ್ಣಲ್ಲಿ ನೀರು, ಹಿಂದಿನಿಂದ ಅವಳ ಗಂಡ ರಾಚಪ್ಪ, ಉಡೀನ ತುಂಬಿಬಿಟ್ರಲ್ಲ ಸರ, ಮನಿ ಹೆಣಮಗಳ ಮನಸ ಗೊತ್ತಾತ ಬಿಡ್ರಿ, ಇನ್ನ ಮಾತಿಲ್ಲ. ನಮ್ಮವರು ನನ್ನತ್ತ ನೋಡುತ್ತಾರೆ, ಹೂಂ ಅಂದಿಯೇನ? ಅಂದೆನೇ? ಮನೆಗೆ ಬಂದವಳಿಗೆ ಮಾಡುವುದನ್ನು ಮಾಡಿದೆ, ಅದು ಹೂಂ ಆಯಿತೇ, ಈಗ ಒಲ್ಲೆ ಅನ್ನಲೇ, ತುಂಬಿದ ಉಡಿಯ ಎದುರು ನಿಂತು ಒಲ್ಲೆ ಅನ್ನುವ ನಾಲಿಗೆ ಯಾರಿಗಿದೆ, ನನಗಿದೆ, ಇಲ್ಲ, ಇತ್ತು. ಉಡಿ ತುಂಬಿಸಿಕೊಂಡವಳು ಚಿಟಿಕೆ ಅಕ್ಕಿ ತೆಗೆದು ದೇವರ ಜಗಲಿಯ ಮೇಲೆ ಇಟ್ಟು ಹೋಗಬೇಕು, ಕೊಟ್ಟ ಮನೆ ಬರಿದಾಗಬಾರದು, ಗುರುಲಿಂಗವ್ವನಿಗೆ ಅದೂ ಗೊತ್ತು, ಜಗಲಿಯ ತನಕ ಹೋದಳು, ನಿಂತಳು, ಇನ್ನ ಇದು ನಮ್ಮ ಜಗಲಿ ಆತಲ್ಲರಿ ಎಂದು ನಕ್ಕಳು, ತಿರುಗಿ ಬಂದು ನನ್ನ ಕೈ ಬಿಡಿಸಿ ಅಕ್ಕಿ ಇಟ್ಟು ಬೆರಳು ಮಡಚಿದಳು, ನಿಮ್ಮ ಮನ್ಯಾಗ ಹಾಕ್ಕೋರಿ ಅಕ್ಕಾರ. ಗೇಟು ಸದ್ದಾಯಿತು, ಹೋದರು, ನಮ್ಮವರು ಆಗಲೇ ಬಾಗಲಕೋಟೆಗೆ ಫೋನು ಹಚ್ಚಿದ್ದಾರೆ, ನಾನು ಪಡಸಾಲೆಯ ನಡುವೆ, ಜಗಲಿಯ ಮೇಲೆ ಇಡಲೇ, ಅವಳದು ಅಂದಳಲ್ಲ, ಅಡುಗೆಮನೆಯ ಡಬ್ಬಿಗೆ, ಅದೂ ಅವಳದೇ, ಬಾಗಲಕೋಟೆಯ ಮನೆಯಲ್ಲಿ, ಆ ಮನೆ ನಾನು ನೋಡಿಯೇ ಇಲ್ಲ, ಅಂಗೈ ಬೆವರುತ್ತಿದೆ, ಬಿಚ್ಚಿದರೆ ಅಕ್ಕಿ, ಅಂಟಿಕೊಂಡಿದೆ, ಮುಚ್ಚಿದೆ, ಎಲ್ಲಿಡಲಿ, ಬಿಚ್ಚಿದರೆ ಅಕ್ಕಿ —