ಅಕ್ಕ ಹುಡುಕಿದ ಅಗ್ಗದ ನಂಬರು

ತೆರಿಗೆ ಕಚೇರಿಯ ನಂಬರಿಗೆ ಫೋನು ಮಾಡುವುದೆಂದರೆ ತೂತು ಕೊಡಕ್ಕೆ ನೀರು ಹಿಡಿದ ಹಾಗೆ. ಈ ಕಡೆಯಿಂದ ಕರೆನ್ಸಿ ಹಾಕಿಸುತ್ತಲೇ ಇರಬೇಕು, ಆ ಕಡೆಯಿಂದ ಸೋರುತ್ತಲೇ ಇರುತ್ತದೆ. ಅದಕ್ಕೆ ಮಾಮೂಲಿ ದರವಲ್ಲ, ವಿಶೇಷ ದರ. ಏನಪ್ಪಾ ವಿಶೇಷ ಅಂದರೆ ಒಂದು ಸಂಗೀತ, ನಡುನಡುವೆ ಜೇನು ಸವರಿದ ದನಿಯ ಹೆಂಗಸೊಬ್ಬಳು ಬಂದು ದಯವಿಟ್ಟು ಕಾಯಿರಿ ಎನ್ನುತ್ತಾಳೆ. ಕಾಯಿಸುವುದಕ್ಕೂ ದುಡ್ಡು ತೆಗೆದುಕೊಳ್ಳುವ ಉಪಾಯವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನಿಗೆ ಬಡ್ತಿ ಸಿಕ್ಕಿರಲೇಬೇಕು.

ಬೀದಿಯವರೆಲ್ಲ ಜಿಪ್ಪಣ್ಣ ಎಂದು ಕರೆಯುವ ಚೀಲ ರಿಪೇರಿಯವನು ಕಿವಿಗೂ ಹೆಗಲಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಆ ಸಂಗೀತ ಕೇಳುತ್ತಲೇ ಎಷ್ಟೋ ಸೂಟ್‌ಕೇಸುಗಳಿಗೆ ಚಕ್ರ ಕೂರಿಸಿದ್ದ. ಸರದಿ ಬರುವ ಮೊದಲೇ ಕರೆನ್ಸಿ ಮುಗಿದು ಲೈನು ಕಡಿದುಹೋಗುತ್ತಿತ್ತು. ಅವನ ಗೋಳು ಇಷ್ಟೇ: ಎಲ್ಲೋ ಇರುವ ಒಂದು ದೊಡ್ಡ ಚೀಲದ ಕಾರ್ಖಾನೆಯ ತೆರಿಗೆ, ಯಾರದೋ ಕೈತಪ್ಪಿನಿಂದ ಇವನ ತಲೆಗೆ ಬಂದಿತ್ತು. ಇವನದೋ, ಒಬ್ಬ ಗಿರಾಕಿ ಒಳಗೆ ಬಂದರೆ ಇನ್ನೊಬ್ಬ ಹೊರಗೆ ನಿಲ್ಲಬೇಕಾದ ಅಂಗಡಿ. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಅಂಗಡಿಗೆ ಸೀಲು ಎಂದು ನೋಟಿಸು ಬಂದಿತ್ತು. ಯಾರಾದರೂ ಒಬ್ಬ ಅಧಿಕಾರಿ ಫೋನೆತ್ತಿ ಇವನ ಕಡತ ತೆಗೆದು ನೋಡಿದ್ದರೆ ಸಾಕಿತ್ತು. ಖುದ್ದಾಗಿ ಹೋದರೆ ಗೇಟಿನವನು "ಫೋನಲ್ಲಿ ಟೈಮ್ ತಗೊಂಡು ಬನ್ನಿ" ಎಂದು ಅಲ್ಲಿಂದಲೇ ಅಟ್ಟುತ್ತಿದ್ದ.

ಜಿಪ್ಪಣ್ಣನಿಗೆ ಒಬ್ಬ ಅಕ್ಕ. ಬೀದಿಗೆಲ್ಲ ಅವಳು ಎಕ್ಸ್‌ಚೇಂಜ್ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಊರಿನವರನ್ನು ಊರಿನವರಿಗೆ ಜೋಡಿಸುತ್ತ ಕೂದಲು ನರೆಸಿಕೊಂಡವಳು. ಮದುವೆಯ ಗೋಜಿಗೆ ಹೋಗಲಿಲ್ಲ. ತಮ್ಮನನ್ನು ಸಾಕಿ, ಅಂಗಡಿ ಇಡಿಸಿಕೊಟ್ಟು, ಅವನ ಮನೆಯಲ್ಲೇ ಉಳಿದಳು. ಆಮೇಲೆ ಯಂತ್ರ ಬಂತು, ಎಕ್ಸ್‌ಚೇಂಜ್ ಮುಚ್ಚಿತು, ಅಕ್ಕ ಮಂಕಾದಳು. ಊಟಕ್ಕೆ ಕರೆದರೆ ಬರುವಳು, ಕರೆಯದಿದ್ದರೆ ಇಲ್ಲ. ಇಲಾಖೆ ನಿವೃತ್ತಿಯ ಮರ್ಯಾದೆಗೆ ಕೊಟ್ಟಿದ್ದ ಫೋನೊಂದು ಹಿಂದಿನ ಕೋಣೆಯಲ್ಲಿತ್ತು, ಮಾಮೂಲಿ ನಂಬರುಗಳಿಗೆ ಅದರಲ್ಲಿ ಬಿಟ್ಟಿ. ಅದನ್ನು ದಿನಾ ಒರೆಸಿಡುತ್ತಿದ್ದಳು. ಅದರಿಂದ ಫೋನು ಮಾಡುವುದಕ್ಕೆ ಅವಳಿಗೆ ಯಾರೂ ಇರಲಿಲ್ಲ.

"ಬೆಳಗ್ಗೆ ಹಾಕಿಸಿದ ಕರೆನ್ಸಿ ಮಧ್ಯಾಹ್ನಕ್ಕೆ ಖಾಲಿ, ಅತ್ತಿಗೆ," ಎಂದಳು ಒಂದು ದಿನ ತಮ್ಮನ ಹೆಂಡತಿ, ಬಟ್ಟೆ ಮಡಚುತ್ತ. "ಆ ಫೋನಿನ ಹೆಂಗಸಿನ ಮಾತು ಕೇಳೋದೇ ಆಯ್ತು ಇವರಿಗೆ. ನನ್ನ ಮಾತನ್ನ ಒಂದು ದಿನ ಇಷ್ಟು ಗಮನ ಇಟ್ಟು ಕೇಳಿಲ್ಲ."

ಮೂಲೆಯಲ್ಲಿ ಕೂತಿದ್ದ ಅಕ್ಕ ತಲೆಯೆತ್ತಿದಳು. "ಅದು ನಂಬರೇ ಅಲ್ಲ ಕಣೇ, ಮುಖವಾಡ. ಅದರ ಹಿಂದೆ ಮಾಮೂಲಿ ನಂಬರು ಇದ್ದೇ ಇರುತ್ತೆ. ತಂತಿ ಕೊನೆಗೆ ಯಾವುದಾದರೂ ಒಂದು ಗೋಡೆಗೆ ಹೋಗಿ ಸೇರಲೇಬೇಕಲ್ಲ!"

ಅವತ್ತಿನಿಂದ ಅಕ್ಕನಿಗೆ ಜೀವ ಬಂತು. ಹಿಂದೆ ಸರಕಾರಿ ಕಟ್ಟಡಗಳಿಗೆಲ್ಲ ಒಂದೇ ಕೇಬಲಿನಿಂದ ಸಾಲಾಗಿ ಲೈನು ಎಳೆದಿದ್ದರು, ನಂಬರುಗಳೂ ಒಂದರ ಪಕ್ಕ ಒಂದು. ಆಸ್ಪತ್ರೆಯ ನಂಬರು ಅವಳಿಗೆ ಬಾಯಿಪಾಠ. ಅಲ್ಲಿಂದ ಶುರು ಮಾಡಿ ಮುಂದಿನದು, ಅದರ ಮುಂದಿನದು ಎಂದು ಹಚ್ಚುತ್ತ ಹೋದಳು. ಒಂದು ನಂಬರು ಶಾಲೆಯೊಂದರ ಅಡುಗೆಮನೆಯಲ್ಲಿ ಹೊಡೆದುಕೊಂಡಿತು. ಇನ್ನೊಂದರಲ್ಲಿ ಯಾರೋ ಮುದುಕ, ಇವಳನ್ನು ತನ್ನ ಮಗಳೆಂದೇ ತಿಳಿದು, ಯಾಕೆ ಬರಲಿಲ್ಲವೆಂದು ಗದರಿದ. ಅಕ್ಕ ತಾಳ್ಮೆಯಿಂದ ತಪ್ಪು ನಂಬರು ಎಂದು ಹೇಳಿ, ಮುಂದಿನದಕ್ಕೆ ಹೋದಳು. ಹಲವರು ಬೈದರು. ಕೆಲವು ಲೈನುಗಳು ಎಂದೋ ಸತ್ತಿದ್ದವು.

ಕೊನೆಗೊಂದು ಮಧ್ಯಾಹ್ನ ಯಾರೋ ಎತ್ತಿದರು. ನಿಧಾನದ ಗಂಡಸಿನ ದನಿ. "ಹಲೋ, ತೆರಿಗೆ ಕಚೇರಿ."

ಸಂಗೀತವಿಲ್ಲ, ಕಾಯಿರಿ ಎನ್ನುವ ಹೆಂಗಸಿಲ್ಲ! ಅಕ್ಕ ನೆಟ್ಟಗೆ ಕೂತಳು. "ಒಂದು ನಿಮಿಷ ಲೈನಲ್ಲಿರಿ ಸಾರ್," ಎಂದು ಹಳೆಯ ಗತ್ತಿನಲ್ಲಿ ಹೇಳಿ, ಬೀದಿಗೆ ಓಡಿ, ಎದುರು ಸಾಲಿನ ಅಂಗಡಿಯಿಂದ ತಮ್ಮನನ್ನು ಕೈ ಹಿಡಿದು ಎಳೆದುಕೊಂಡೇ ಬಂದಳು. ರಿಸೀವರು ಅವನ ಕೈಗಿತ್ತು, "ಲೈನ್ ಸಿಕ್ತು, ಮಾತಾಡು," ಎಂದವಳೇ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಅದು ಅವಳ ಕಸುಬಿನ ಕಟ್ಟಳೆ. ಎರಡೂ ಕಡೆಯವರು ಹಲೋ ಎಂದ ಕೂಡಲೇ ಆಪರೇಟರು ಕಿವಿ ತೆಗೆದುಬಿಡಬೇಕು. ಕದ್ದು ಕೇಳಿದ ಗೆಳತಿಯೊಬ್ಬಳ ಕೆಲಸ ಹೋದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಊರಿನ ಸಾವು, ನೋವು, ಸಂಬಂಧ, ಜಗಳ ಎಲ್ಲವೂ ಅವಳ ಬೆರಳ ತುದಿಯಲ್ಲಿ ಹಾದುಹೋಗಿದ್ದವು, ಒಂದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಲೈನು ಸಿಕ್ಕಿತೆಂದರೆ ಕೆಲಸ ಆಯಿತು ಎಂಬುದೇ ಅವಳ ನಂಬಿಕೆಯಾಗಿತ್ತು.

ಬಹಳ ಹೊತ್ತಿನ ಮೇಲೆ ತಮ್ಮ ಹೊರಗೆ ಬಂದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಅವನೂ ಅವಳ ಮುಖ ನೋಡಿದ, ಒಂದು ಗಳಿಗೆ ಹೆಚ್ಚೇ ನೋಡಿದ.

"ಎಲ್ಲಾ ಬರ್ಕೊಂಡ್ರು, ಅಕ್ಕ. ವಿಚಾರಿಸಿ ಹೇಳ್ತಾರಂತೆ. ನಾಳೆ ಮತ್ತೆ ಮಾಡು ಅಂದ್ರು."

ಅಕ್ಕ ನಕ್ಕಳು. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಅವಳು ಬಾಯ್ತುಂಬ ನಕ್ಕದ್ದು ಅವತ್ತೇ. "ನೋಡಿದ್ಯಾ! ಒಂದು ಬಿಡಿಕಾಸು ಖರ್ಚಿಲ್ಲ!" ಎಂದು ತಮ್ಮನ ಹೆಂಡತಿಯ ಭುಜ ಹಿಡಿದು ಅಲುಗಾಡಿಸಿದಳು.

ಮಾರನೆಯ ದಿನದಿಂದ ಅದೇ ದಿನಚರಿಯಾಯಿತು. ಊಟ ಮುಗಿಯುತ್ತಲೇ ಅಕ್ಕ ತಲೆ ಬಾಚಿ, ಹಳೆಯ ಡ್ಯೂಟಿಗೆ ಹೊರಟವಳ ಹಾಗೆ ಫೋನಿನ ಮುಂದೆ ಕೂರುವಳು. ತಮ್ಮ ಅಂಗಡಿಯ ಬಾಗಿಲು ಅರ್ಧ ಎಳೆದು ಬರುವನು. ಅವಳು ನಂಬರು ಹಚ್ಚಿ ಕೊಟ್ಟು ಹೊರಗೆ ಕೂರುವಳು. ಒಳಗಿನಿಂದ ಆಗಾಗ ಅವನ ಗಟ್ಟಿ ದನಿ ಕೇಳುವುದು: "ಹೌದು ಸಾರ್. ಬರ್ಕೊಳ್ಳಿ ಸಾರ್. ಆಗಲಿ ಸಾರ್." ಆಮೇಲೆ ದನಿ ಇಳಿದು ಗುಸುಗುಸುವಾಗುವುದು. ಅಕ್ಕ ಇನ್ನೂ ಸ್ವಲ್ಪ ದೂರ ಸರಿದು ಕೂರುತ್ತಿದ್ದಳು.

ಸಿಕ್ಕ ಸಂಪತ್ತನ್ನು ಒಬ್ಬಳೇ ಇಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ತೆರಿಗೆಯ ತಕರಾರಿದ್ದ ಕ್ಷೌರದಂಗಡಿಯವನಿಗೂ ನಂಬರು ಕೊಟ್ಟಳು. ಎರಡು ದಿನ ಬಿಟ್ಟು ಅವನು ಮನೆಯ ಮುಂದೆ ಹಾದುಹೋಗುವಾಗ ಹಿಡಿದು ನಿಲ್ಲಿಸಿದಳು.

"ಏನಪ್ಪಾ, ಎತ್ತಿದ್ರಾ?"

"ಎತ್ತಿದ್ರು, ಅಕ್ಕ. ತುಂಬಾ ಒಳ್ಳೇ ಮನುಷ್ಯ." ಅವನು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. "ಜಿಪ್ಪಣ್ಣನೂ ಅದನ್ನೇ ಹೇಳ್ದ."

ಹೊಗಳುವುದಕ್ಕೆ ನಾಚಿಕೊಳ್ಳುತ್ತಾನೆ ಪಾಪ, ಎಂದುಕೊಂಡಳು ಅಕ್ಕ.

ಒಂದು ಸಲ ಮಾತ್ರ ತಮ್ಮ ಎರಡು ಮಧ್ಯಾಹ್ನ ಬರಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಕಳಿಸಿದ. ಅಕ್ಕ ತಲೆ ಬಾಚಿಕೊಂಡು ಫೋನಿನ ಮುಂದೆ ಕಾದಳು. ಎರಡನೆಯ ದಿನ ಊಟಕ್ಕೇಳಲಿಲ್ಲ. "ಇರಲಿ ಬಿಡು. ಯಂತ್ರ ಬಂದ ಮೇಲೆ ನನ್ನ ಕೈಯಿಂದ ಯಾರಿಗೇನು ಆಗಬೇಕು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮೂರನೆಯ ದಿನ ತಮ್ಮ ಕೈಗಂಟಿದ ಅಂಟನ್ನೂ ತೊಳೆಯದೆ, ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಂತ.

"ನಂಬರು ಹಚ್ಚಿ ಕೊಡು, ಅಕ್ಕ. ನಿನ್ನ ಬಿಟ್ಟರೆ ಗತಿ ಇಲ್ಲ ನನಗೆ."

ತಿಂಗಳು ಮುಗಿಯಿತು. ಹೇಳಿದ ದಿನಕ್ಕೆ ಸರಿಯಾಗಿ ಬರುವುದರಲ್ಲಿ ತೆರಿಗೆಯವರನ್ನು ಮೀರಿಸುವವರಿಲ್ಲ. ಇಬ್ಬರು ಬಂದರು. ಒಬ್ಬ ಅರಗು ಕರಗಿಸಿದ, ಇನ್ನೊಬ್ಬ ಬೀಗದ ಮೇಲೆ ಬಟ್ಟೆಯ ಪಟ್ಟಿ ಸುತ್ತಿದ. ತಮ್ಮ ಏನೋ ಹೇಳಲು ಹೋದರೆ, "ನಮಗೇನೂ ಗೊತ್ತಿಲ್ಲಪ್ಪ, ನಂಬರಿಗೆ ಫೋನ್ ಮಾಡಿ ಕೇಳು," ಎಂದರು. ಹೊಲಿಗೆ ಯಂತ್ರ, ಉಳಿ, ಮೇಣದ ದಾರ, ಅರ್ಧ ಜಿಪ್ಪು ಹೊಲಿದ ಶಾಲೆಯ ಚೀಲಗಳು, ಎಲ್ಲ ಒಳಗೇ ಉಳಿದವು. ನಾಳೆ ಊರಿಗೆ ಹೊರಡಬೇಕೆಂದಿದ್ದ ಗಿರಾಕಿಯೊಬ್ಬಳು ತನ್ನ ಸೂಟ್‌ಕೇಸನ್ನು ಬಾಗಿಲ ಸಂದಿಯಿಂದ ನೋಡಿ, ಜಿಪ್ಪಣ್ಣನಿಗೇ ಬೈದು ಹೋದಳು. ಅವನು ಸೀಲಿನ ಎದುರು ಕಟ್ಟೆಯ ಮೇಲೆ ಕೂತುಬಿಟ್ಟ. ಹೆಂಡತಿ ಪಕ್ಕದಲ್ಲಿ ಕೂತಳು.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಬರೆದುಕೊಂಡ ಆ ಮಹಾನುಭಾವ ಮಾಡಿದ್ದಾದರೂ ಏನು? ನೆಟ್ಟಗೆ ಮನೆಗೆ ಬಂದು, ಆ ನಂಬರು ಹಚ್ಚಿ, ಮೊದಲ ಸಲ ರಿಸೀವರನ್ನು ತನ್ನ ಕಿವಿಯಲ್ಲೇ ಇಟ್ಟುಕೊಂಡಳು.

"ಹಲೋ, ತೆರಿಗೆ ಕಚೇರಿ."

"ನಿಮಗೆ ಮನುಷ್ಯತ್ವ ಅನ್ನೋದು ಇದೆಯೇನ್ರೀ? ಚೀಲದ ಅಂಗಡಿಯವನು ದಿನಾ ಬೇಡ್ಕೊಂಡ. ಏನು ಬರ್ಕೊಂಡ್ರಿ? ಎಲ್ಲಿ ಬರ್ಕೊಂಡ್ರಿ?"

"ನೀವು ಅಕ್ಕ ಅಲ್ವಾ?" ಎಂದಿತು ನಿಧಾನದ ದನಿ. "ಸೀಲ್ ಹಾಕಿಬಿಟ್ರಾ?"

"ಹಾಕಿದ್ರು."

"ಅಮ್ಮಾ, ನಾನು ಅಧಿಕಾರಿ ಅಲ್ಲ. ಇದು ಕಚೇರಿಯ ನೆಲಮಾಳಿಗೆ. ಮುರಿದ ಕುರ್ಚಿ, ಮೇಜು ಎಲ್ಲಾ ಇಲ್ಲಿ ತಂದು ಹಾಕ್ತಾರೆ, ಅದನ್ನ ಕಾಯೋನು ನಾನು. ಈ ಹಳೇ ಲೈನು ಕಡಿಯೋಕೆ ಯಾರಿಗೂ ನೆನಪಾಗಿಲ್ಲ. ಮೊದಲನೇ ದಿನವೇ ನಿಮ್ಮ ತಮ್ಮನಿಗೆ ಹೇಳ್ದೆ."

"ನೀವು ಅದೇ ಕಟ್ಟಡದಲ್ಲಿದ್ದೀರಲ್ಲ? ಮೇಲೆ ಹೋಗಿ ಒಂದು ಮಾತು..."

"ಹೋಗಿದ್ದೆ, ಅಮ್ಮ. ಎರಡು ಸಲ ಹೋಗಿದ್ದೆ. ನಂಬರಿಗೆ ಫೋನ್ ಮಾಡಿ ಹೇಳಲಿ ಅಂದ್ರು. ಮೂರನೇ ಸಲ ಹೋದ್ರೆ ನಿನ್ನ ಕೆಲಸ ನೀನು ನೋಡ್ಕೋ ಅಂದ್ರು."

"ಮತ್ತೆ ಇವನು ದಿನಾ ನಿಮ್ಮ ಹತ್ರ ಏನು ಮಾತಾಡ್ತಿದ್ದ?"

"ಏನೇನೋ. ನನ್ನ ಊಟದ ಚೀಲದ ಜಿಪ್ಪು ಹೋಗಿದೆ, ಸರಿ ಮಾಡ್ಕೊಡ್ತೀನಿ ಅಂದಿದ್ರು." ಅವನು ಗಂಟಲು ಸರಿಮಾಡಿಕೊಂಡ. "ನಾನು ಬೈದೆ, ಅಮ್ಮ. ಆ ದುಬಾರಿ ನಂಬರಲ್ಲಿ ಸಣ್ಣ ಅಂಗಡಿಯವರ ತಕರಾರು ಕೇಳೋದೇ ಊಟ ಆದ್ಮೇಲೆ, ನಾಲ್ಕು ಗಂಟೆವರೆಗೆ. ಆ ಹೊತ್ತಲ್ಲಿ ನನ್ನ ಜೊತೆ ಹರಟೆ ಹೊಡೀತಾ ಕೂತ್ರೆ ಹೇಗೆ ಅಂದೆ. ಎರಡು ದಿನ ಅಲ್ಲಿಗೆ ಮಾಡಿ ನೋಡಿದ್ರಂತೆ. ಆಮೇಲೆ ಮತ್ತೆ ಇಲ್ಲಿಗೇ ಬಂದ್ರು. ಅಕ್ಕ ಊಟ ಬಿಟ್ಟಿದ್ದಾಳೆ ಸಾರ್, ಈ ನಂಬರು ಸಿಕ್ಕ ದಿನವೇ ಅವಳು ನಕ್ಕಿದ್ದು, ಈಗ ಹೇಗೆ ಹೇಳಲಿ ಅಂದ್ರು."

ಅಕ್ಕ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಅಲ್ಲಿಗೆ ಮಾಡಿದ್ರೂ ಸಿಗ್ತಿತ್ತೋ ಇಲ್ವೋ, ಯಾರಿಗೆ ಗೊತ್ತು. ನೀವು ಮನಸ್ಸಿಗೆ ಹಚ್ಕೋಬೇಡಿ, ಅಮ್ಮ."

ಅವಳಿಗೆ ಸಮಾಧಾನವಾಗಲಿಲ್ಲ. ಸಿಗುತ್ತಿತ್ತೋ ಏನೋ ಎಂಬ ಆ ಒಂದು ಎಳೆ ಈಗ ಅವಳಿಗೆ ಜೀವನಪೂರ್ತಿ ಉಳಿಯಿತು. ತನ್ನ ಕೈಯಾರೆ ಇಟ್ಟುಕೊಟ್ಟ ಅಂಗಡಿ ಅದು. ದಿನದಲ್ಲಿ ಕಚೇರಿಯವರು ತಕರಾರು ಕೇಳುತ್ತಿದ್ದ ಅಷ್ಟು ಹೊತ್ತನ್ನೂ ತಾನೇ ತಲೆ ಬಾಚಿಕೊಂಡು ಕೂತು ನುಂಗಿದ್ದಳು. ಬಾಗಿಲಾಚೆ ಕೂತು, ಒಂದೇ ಒಂದು ದಿನ ಕಿವಿ ಕೊಟ್ಟಿದ್ದರೆ ಸಾಕಿತ್ತು. ನಿಯತ್ತು ನಿಯತ್ತು ಎಂದು ದೂರ ಸರಿದು ಕೂತಳು. ಅಕ್ಕ ಅಳಲಿಲ್ಲ, ಆದರೆ ತನ್ನ ಬಗ್ಗೆ ಅವಳಿಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

"ಸಾರ್," ಎಂದಳು ಕೊನೆಗೆ. "ನಾನು ಫೋನ್ ಮಾಡಿದ್ದೆ ಅಂತ ಅವನಿಗೆ ಹೇಳ್ಬೇಡಿ."

"ಇಲ್ಲ, ಅಮ್ಮ."

ಮಾರನೆಯ ದಿನ ಅನ್ನ ಯಾರಿಗೂ ಇಳಿಯಲಿಲ್ಲ. ತಮ್ಮನ ಹೆಂಡತಿ ತಟ್ಟೆ ಎತ್ತಿದಳು. ಅಂಗಡಿಯಿಲ್ಲದ ತಮ್ಮ ಹೊಸಿಲ ಹತ್ತಿರ ಕೂತು, ಬೆರಳಿಗಂಟಿದ್ದ ಹಳೆಯ ಅಂಟನ್ನು ಕೀಳುತ್ತಿದ್ದ. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಫೋನಿನ ಹೊತ್ತಾಯಿತು. ಅಕ್ಕ ಮೂಲೆಯಿಂದ ಏಳಲಿಲ್ಲ. ಅವನು ಎರಡು ಸಲ ಅವಳ ಕಡೆ ನೋಡಿದ, ಆಮೇಲೆ ಎದ್ದು ಬಂದು ಅವಳ ಎದುರು ಕುಕ್ಕುರುಗಾಲಿನಲ್ಲಿ ಕೂತ.

"ಅಕ್ಕಾ, ಸೀಲ್ ಹಾಕಿದ್ರೆ ಏನಂತೆ, ತೆಗೆಸಬಹುದು. ಅವರು ವಿಚಾರಿಸ್ತಾ ಇದ್ದಾರೆ. ನಂಬರು ಹಚ್ಚಿ ಕೊಡಲ್ವಾ?"

ಅವನ ಮುಖದಲ್ಲಿ ಆಸೆಯಿರಲಿಲ್ಲ, ಇದ್ದಂತೆ ನಟಿಸುವ ಶ್ರಮ ಮಾತ್ರ ಇತ್ತು. ತಾನು ಎತ್ತಿ ಆಡಿಸಿದ ಮುಖ ಅದು. ಅಕ್ಕ ಎದ್ದಳು. ತಲೆ ಬಾಚಿಕೊಂಡಳು. ಫೋನಿನ ಮುಂದೆ ಕೂತು, ನಂಬರು ಹಚ್ಚಿದಳು.

"ಹಲೋ, ತೆರಿಗೆ ಕಚೇರಿ," ಎಂದಿತು ನೆಲಮಾಳಿಗೆಯ ದನಿ.

"ಲೈನ್ ಸಿಕ್ತು, ಮಾತಾಡು," ಎಂದು ರಿಸೀವರನ್ನು ತಮ್ಮನ ಕೈಗೆ ಕೊಟ್ಟು, ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಈ ಸಲ ದೂರ ಸರಿಯಲಿಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ಕೂತಳು. ಒಳಗೆ ತಮ್ಮ, ಅವಳಿಗೆ ಕೇಳಲಿ ಎಂದೇ, ಗಟ್ಟಿಯಾಗಿ ಶುರು ಮಾಡಿದ. "ಹೌದು ಸಾರ್. ಬರ್ಕೊಳ್ಳಿ ಸಾರ್."